ಹೈಸ್‌ಮನ್ ಟ್ರೋಫಿ 2024: ಹಂಟರ್, ಜೆಂಟಿ, ವಾರ್ಡ್, ಗೇಬ್ರಿಯಲ್. ನಿಮ್ಮ ಮೂರು ಹೆಸರು ಯಾವುವು?

2024ರ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅಕ್ಕನ ಮನೆಗೆ ಹೋಗಿದ್ದೆ. ಡಲ್ಲಾಸ್ ಪಕ್ಕದ ಫ್ರಿಸ್ಕೊ ಊರು. ಊಟ ಆದ ಮೇಲೆ ಅಕ್ಕನ ಮಗ ಒಂದು ಹಾಳೆ, ಒಂದು ಪೆನ್ನು ತಂದು ನನ್ನ ಮುಂದಿಟ್ಟ. "ಮಾಮ, ಮೂರು ಹೆಸರು ಬರಿ. ಯಾರು ಮೊದಲು, ಯಾರು ಎರಡು, ಯಾರು ಮೂರು. ಯಾಕೆ ಅಂತಾನೂ ಹೇಳಬೇಕು" ಅಂದ.

ಅವನು ಕೇಳಿದ್ದು ಹೈಸ್‌ಮನ್ ಟ್ರೋಫಿ ಬಗ್ಗೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿ ಅದು. ಹೆಸರುಗಳು ನನಗೆ ಗೊತ್ತಿದ್ದವು. ಯಾವುದನ್ನು ಮೇಲೆ ಬರೆಯಬೇಕು ಅನ್ನುವುದೇ ಗೊತ್ತಾಗಲಿಲ್ಲ. ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತೆ.

ಆ ವರ್ಷದ ಸ್ಪರ್ಧೆ ಅಷ್ಟು ಬಿಗಿಯಾಗಿತ್ತು. ಕೊನೆಗೆ ಉಳಿದ ನಾಲ್ಕು ಜನರಲ್ಲಿ ಇಬ್ಬರು ಒಬ್ಬರಿಗೊಬ್ಬರು ಸ್ವಲ್ಪವೂ ಹೋಲುವುದಿಲ್ಲ. ಇಬ್ಬರೂ ಅವರವರ ಕೆಲಸದಲ್ಲಿ ಹಲವು ದಶಕಗಳಲ್ಲಿ ಯಾರೂ ಮಾಡದ್ದನ್ನು ಮಾಡಿದ್ದರು. ಅವರನ್ನು ಹೇಗೆ ಹೋಲಿಸುವುದು? ಆ ನಾಲ್ಕು ಜನರನ್ನು ಪಕ್ಕಪಕ್ಕ ಇಟ್ಟು ನಾನು ಹೇಗೆ ತೂಗಿದೆ ಅಂತ ಇಲ್ಲಿ ಬರೆಯುತ್ತೇನೆ. ಈ ಆಟ ಹೊಸತಾಗಿ ನೋಡುವವರಿಗೂ ಅರ್ಥವಾಗುವ ಹಾಗೆ ಬರೆಯಲು ಪ್ರಯತ್ನಿಸಿದ್ದೇನೆ. ಅಮೆರಿಕದಲ್ಲಿ ಓದಲು ಬಂದ ನಮ್ಮ ಹುಡುಗರು ಶನಿವಾರ ಕಾಲೇಜು ಮೈದಾನಕ್ಕೆ ಹೋಗಿ, ಏನಾಗುತ್ತಿದೆ ಅಂತ ಗೊತ್ತಾಗದೆ ಕೂತಿರುವುದನ್ನು ನಾನು ನೋಡಿದ್ದೇನೆ.

ಮೊದಲು ಮತದ ಲೆಕ್ಕ

ಪ್ರಶಸ್ತಿ ಶುರುವಾದದ್ದು 1935ರಲ್ಲಿ, ನ್ಯೂಯಾರ್ಕ್‌ನ ಡೌನ್‌ಟೌನ್ ಅಥ್ಲೆಟಿಕ್ ಕ್ಲಬ್‌ನಿಂದ. ಮೊದಲ ಸಲ ಗೆದ್ದವರು ಷಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಆ ಕ್ಲಬ್‌ನಲ್ಲಿ ಕ್ರೀಡಾ ನಿರ್ದೇಶಕರಾಗಿದ್ದ ಜಾನ್ ಹೈಸ್‌ಮನ್ 1936ರಲ್ಲಿ ತೀರಿಕೊಂಡರು. ಆಗ ಪ್ರಶಸ್ತಿಗೆ ಅವರ ಹೆಸರಿಟ್ಟರು.

ಮತ ಹಾಕುವವರು ಸುಮಾರು 930 ಜನ. ಅದರಲ್ಲಿ 870 ಜನ ಕ್ರೀಡಾ ಪತ್ರಕರ್ತರು. ದೇಶವನ್ನು ಆರು ಭಾಗ ಮಾಡಿ, ಒಂದೊಂದಕ್ಕೆ 145 ಜನರಂತೆ ಹಂಚಿದ್ದಾರೆ. ಹಿಂದೆ ಗೆದ್ದು ಈಗಲೂ ಬದುಕಿರುವ ಆಟಗಾರರಿಗೂ ಮತ ಇದೆ. ಅಭಿಮಾನಿಗಳ ಮತವೆಲ್ಲ ಸೇರಿದರೆ ಅದು ಒಂದು ಮತ.

ಒಬ್ಬೊಬ್ಬರೂ ಮೂರು ಹೆಸರು ಬರೆಯಬೇಕು. ಮೊದಲ ಹೆಸರಿಗೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಇದನ್ನು ನೆನಪಿಡಿ. ನೀವು ಎರಡನೆಯ ಸಾಲಿನಲ್ಲಿ ಬರೆಯುವ ಹೆಸರಿಗೂ ದೊಡ್ಡ ಬೆಲೆ ಇದೆ. ಸುಮ್ನೆ ಜಾಗ ತುಂಬಲು ಬರೆಯುವಂಥದ್ದಲ್ಲ.

ಇನ್ನೊಂದು ವಿಷಯ. ಡಿಸೆಂಬರ್ ಮೊದಲ ವಾರದಲ್ಲಿ ಲೀಗ್‌ಗಳ ಫೈನಲ್ ಮುಗಿಯುತ್ತಿದ್ದ ಹಾಗೆ ಮತದಾನವೂ ಮುಗಿಯುತ್ತದೆ. ಆಮೇಲೆ ಆಯ್ದ ತಂಡಗಳು ಆಡುವ ಬೌಲ್ ಪಂದ್ಯಗಳು, ರಾಷ್ಟ್ರೀಯ ಕಿರೀಟಕ್ಕಾಗಿ ನಡೆಯುವ ಪ್ಲೇಆಫ್ ಪಂದ್ಯಗಳು ಲೆಕ್ಕಕ್ಕಿಲ್ಲ. ಹಾಗಾಗಿ ಈ ಬರಹದಲ್ಲಿ ನಾಲ್ವರನ್ನೂ ಅಳೆಯಲು ಬಳಸುವುದು ಮತದಾನ ಮುಗಿದ ದಿನದ ಅಂಕಿಗಳನ್ನೇ.

ಆಟವನ್ನು ಕಬಡ್ಡಿ ಕಣ್ಣಿನಿಂದ ನೋಡಿ

ಹನ್ನೊಂದು ಜನರ ತಂಡ. ಮೈದಾನದ ಉದ್ದ ನೂರು ಗಜ. ಚೆಂಡು ಇರುವ ತಂಡ ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತವೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಎದುರಾಳಿಗಳ ಕೆಲಸ ಚೆಂಡು ಹಿಡಿದವನನ್ನು ಕೆಡವುವುದು.

ಕಬಡ್ಡಿ ನೋಡಿ ಬೆಳೆದವರಿಗೆ ಇದು ಬೇಗ ಹತ್ತುತ್ತದೆ. ಚೆಂಡು ಹಿಡಿದು ಓಡುವವನು ರೈಡರ್ ಇದ್ದ ಹಾಗೆ. ಅವನ ಹೆಸರು ರನ್ನಿಂಗ್ ಬ್ಯಾಕ್. ಚೆಂಡು ಎಸೆಯುವವನು, ಇಡೀ ದಾಳಿಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ದೂರ ಓಡಿ ಆ ಚೆಂಡನ್ನು ಹಿಡಿಯುವವನು ವೈಡ್ ರಿಸೀವರ್. ರಿಸೀವರ್‌ಗೆ ಅಂಟಿಕೊಂಡು ಓಡಿ ಕ್ಯಾಚ್ ತಪ್ಪಿಸುವ ಎದುರಾಳಿ ಕಾರ್ನರ್‌ಬ್ಯಾಕ್.

ಕಬಡ್ಡಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ದಾಳಿಗೆ ಹನ್ನೊಂದು ಜನ, ರಕ್ಷಣೆಗೆ ಬೇರೆ ಹನ್ನೊಂದು ಜನ. ಚೆಂಡು ಕೈಬದಲಾದ ಕೂಡಲೇ ಒಂದು ಗುಂಪು ಹೊರಗೆ ಬಂದು ಇನ್ನೊಂದು ಒಳಗೆ ಹೋಗುತ್ತದೆ. 1960ರ ದಶಕದ ಮಧ್ಯದಲ್ಲಿ ಆಟಗಾರರನ್ನು ಬೇಕಾದಷ್ಟು ಸಲ ಬದಲಿಸಬಹುದು ಅಂತ ನಿಯಮ ಬಂತು. ಅಲ್ಲಿಂದೀಚೆಗೆ ದೊಡ್ಡ ಕಾಲೇಜುಗಳಲ್ಲಿ ಎರಡೂ ಕಡೆ ಪೂರ್ತಿಯಾಗಿ ಆಡುವವರು ಇಲ್ಲವಾದರು.

ಈಗ ಹೋಲಿಕೆಯ ಮೊದಲ ತೊಡಕು. ಈ ನಾಲ್ವರ ಗಜಗಳನ್ನು ನೇರವಾಗಿ ಪಕ್ಕದಲ್ಲಿಟ್ಟು ನೋಡಬೇಡಿ. ಎಸೆಯುವವನಿಗೆ ಒಂದು ಸೀಸನ್‌ನಲ್ಲಿ 3,000 ಗಜ ಬಂದರೆ ಚೆನ್ನಾಗಿ ಆಡಿದ ಅಂತ ಅರ್ಥ. ಓಡುವವನಿಗೂ ಹಿಡಿಯುವವನಿಗೂ 1,000 ಗಜವೇ ಒಳ್ಳೆಯ ಗುರುತು. 2,000 ಗಜ ಓಡುವುದು ಬಹಳ ಅಪರೂಪ. ಹಾಗಾಗಿ ಮೊದಲು ಒಬ್ಬೊಬ್ಬನನ್ನೂ ಅವನದೇ ಕೆಲಸ ಮಾಡುವ ಬೇರೆಯವರ ಜೊತೆ ಅಳೆಯಿರಿ. ಆಮೇಲೆ ಈ ಪ್ರಶ್ನೆ ಕೇಳಿಕೊಳ್ಳಿ: ಇವನು ಕೊಟ್ಟದ್ದನ್ನು ಆ ವರ್ಷ ಬೇರೆ ಯಾರಿಂದಲಾದರೂ ಪಡೆಯಬಹುದಿತ್ತಾ? ನನ್ನ ಇಡೀ ಹೋಲಿಕೆ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಆಷ್ಟನ್ ಜೆಂಟಿ, ಬೋಯ್ಸಿ ಸ್ಟೇಟ್

ಅಕ್ಕನ ಮಗನ ಹಾಳೆಯಲ್ಲಿ ಮೊದಲ ಹೆಸರು ಇದೇ. ಅದಕ್ಕೆ ಕಾರಣವೂ ಇದೆ. ಜೆಂಟಿ ಹೈಸ್ಕೂಲು ಓದಿದ್ದು ಫ್ರಿಸ್ಕೊದ ಲೋನ್ ಸ್ಟಾರ್ ಶಾಲೆಯಲ್ಲಿ. ಊರ ಹುಡುಗ, ಬಿಟ್ಟುಕೊಡುವುದು ಕಷ್ಟ ಅಲ್ವಾ? ಅವನ ತಂದೆ ಅಮೆರಿಕದ ನೌಕಾಪಡೆಯಲ್ಲಿದ್ದವರು. ಹಾಗಾಗಿ ಜೆಂಟಿ ಚಿಕ್ಕವನಿದ್ದಾಗ ಕುಟುಂಬ ಇಟಲಿಯ ನೇಪಲ್ಸ್‌ನಲ್ಲಿತ್ತು. ಅಲ್ಲೂ ಅವನು ಈ ಆಟ ಆಡುತ್ತಿದ್ದ.

13 ಪಂದ್ಯ. 344 ಓಟ. 2,497 ಗಜ. 29 ಟಚ್‌ಡೌನ್. ಒಂದು ಓಟಕ್ಕೆ ಸರಾಸರಿ 7 ಗಜಕ್ಕಿಂತ ಜಾಸ್ತಿ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಬೇಕಾದ ಆಟದಲ್ಲಿ ಒಂದೇ ಓಟಕ್ಕೆ ಏಳು ಗಜ ಅಂದರೆ ಏನು ಅಂತ ಯೋಚಿಸಿ. 13 ಪಂದ್ಯದಲ್ಲಿ ಒಂದರಲ್ಲೂ ಅವನು ನೂರು ಗಜಕ್ಕಿಂತ ಕೆಳಗೆ ಬರಲಿಲ್ಲ.

ಅವನ ಆಟದ ಅಂದ ಇರುವುದು ಅವನನ್ನು ಹಿಡಿದ ಮೇಲೆ. ಅವನು ಗಳಿಸಿದ ಗಜಗಳಲ್ಲಿ ಸುಮಾರು ಮುಕ್ಕಾಲು ಪಾಲು ಎದುರಾಳಿಯ ಮೈ ತಾಗಿದ ಮೇಲೆ ಬಂದದ್ದು. ರೈಡ್‌ಗೆ ಹೋದವನ ಕಾಲು ಒಬ್ಬ ಹಿಡಿದಿದ್ದಾನೆ, ಸೊಂಟ ಇನ್ನೊಬ್ಬ ಹಿಡಿದಿದ್ದಾನೆ, ಆದರೂ ಅವರನ್ನು ಎಳೆದುಕೊಂಡೇ ಬಂದು ನಡುಗೆರೆ ಮುಟ್ಟುತ್ತಾನೆ. ಅಂಥ ಆಟ. ಎತ್ತರ ಐದು ಅಡಿ ಒಂಬತ್ತು ಇಂಚು ಇದ್ದರೆ ಹೆಚ್ಚು. ಚೆಂಡು ಕೈಗೆ ಬರುವ ಮೊದಲು ಬೇರೆಯವರ ಹಾಗೆ ಬಾಗಿ ನಿಲ್ಲುವುದಿಲ್ಲ. ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲುತ್ತಾನೆ. ಆಮೇಲೆ ಒಮ್ಮೆಲೇ ಹೊರಡುತ್ತಾನೆ.

ಆಗಸ್ಟ್ 31ರ ಮೊದಲ ಪಂದ್ಯದಲ್ಲೇ ಜಾರ್ಜಿಯಾ ಸದರ್ನ್ ಎದುರು 267 ಗಜ, 6 ಟಚ್‌ಡೌನ್. ಅವತ್ತಿಂದ ಎದುರಾಳಿಗಳಿಗೆಲ್ಲ ಚೆಂಡು ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿತ್ತು. ಗೊತ್ತಿದ್ದೂ ತಡೆಯಲು ಆಗಲಿಲ್ಲ.

ಅವನ ವಿರುದ್ಧ ಹೇಳುವ ದೊಡ್ಡ ಮಾತು: ಬೋಯ್ಸಿ ಸ್ಟೇಟ್ ಆಗ ಆಡುತ್ತಿದ್ದ ಮೌಂಟೇನ್ ವೆಸ್ಟ್ ಲೀಗ್ ಸಣ್ಣದು, ಎದುರಾಳಿಗಳು ದುರ್ಬಲ. ಮಾತಿನಲ್ಲಿ ಸತ್ಯ ಇದೆ. ಆದರೆ ಸೆಪ್ಟೆಂಬರ್ 7ರಂದು ಅದೇ ತಂಡ ಒರೆಗಾನ್‌ಗೆ ಹೋಗಿ ಆಡಿತು. ಆ ವರ್ಷ ಮತದಾನ ಮುಗಿಯುವ ತನಕ ಒಂದೂ ಸೋಲದೆ ದೇಶದಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ ಒರೆಗಾನ್. ಅವರ ಎದುರು ಜೆಂಟಿ 25 ಓಟದಲ್ಲಿ 192 ಗಜ, 3 ಟಚ್‌ಡೌನ್ ಮಾಡಿದ. ಬೋಯ್ಸಿ 37-34ರಲ್ಲಿ ಸೋತಿತು. ಇಡೀ ಸೀಸನ್‌ನ ಒಂದೇ ಸೋಲು ಅದು. ಈ ಪಂದ್ಯ ನೋಡಿದವರು ದುರ್ಬಲ ಎದುರಾಳಿ ಅನ್ನುವ ವಾದವನ್ನು ಅಷ್ಟು ಜೋರಾಗಿ ಮಾಡಲಾರರು.

ಎರಡನೆಯ ಮಾತು ದಾಖಲೆಯದು. 1988ರಲ್ಲಿ ಒಕ್ಲಹೋಮ ಸ್ಟೇಟ್‌ನ ಬ್ಯಾರಿ ಸ್ಯಾಂಡರ್ಸ್ 2,628 ಗಜ ಓಡಿದ್ದರು. ಜೆಂಟಿ ಅದರ ಹತ್ತಿರ ಬಂದ ಅಂತ ಎಲ್ಲರೂ ಬರೆದರು. ಆದರೆ ಸ್ಯಾಂಡರ್ಸ್ ಅದನ್ನು ಮಾಡಿದ್ದು 11 ಪಂದ್ಯಗಳಲ್ಲಿ. ಆಗ ಬೌಲ್ ಪಂದ್ಯದ ಗಜಗಳನ್ನು ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಅಂದರೆ ಪಂದ್ಯಕ್ಕೆ ಸುಮಾರು 239 ಗಜ. ಜೆಂಟಿಯದು ಪಂದ್ಯಕ್ಕೆ 192. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಹೋಲಿಸಿದರೆ ಸ್ಯಾಂಡರ್ಸ್‌ಗೆ ಅನ್ಯಾಯ ಆಗುತ್ತದೆ. ಹಾಗಂತ ಜೆಂಟಿ ಸಣ್ಣವನಾಗುವುದಿಲ್ಲ. ತಂಡ ಮುಂದಿದ್ದಾಗ ಕೆಲವು ಪಂದ್ಯಗಳ ದ್ವಿತೀಯಾರ್ಧದಲ್ಲಿ ಅವನನ್ನು ಹೊರಗೆ ಕೂರಿಸಿದ್ದರು. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ನನಗೆ ಅವನ ಮೇಲೆ ಇನ್ನೊಂದು ಕಾರಣಕ್ಕೂ ಪ್ರೀತಿ. ಈಗಿನ ನಿಯಮದಲ್ಲಿ ಆಟಗಾರರು ಪ್ರತಿ ವರ್ಷ ಕಾಲೇಜು ಬದಲಿಸಬಹುದು. ಹೆಚ್ಚು ದುಡ್ಡು ಕೊಡುವ ಕಡೆ ಹೋಗಬಹುದು. ಜೆಂಟಿಗೂ ದೊಡ್ಡ ಕಡೆಗಳಿಂದ ಕರೆ ಇತ್ತು. ಅವನು ಬೋಯ್ಸಿ ಇರುವ ಐಡಹೋ ರಾಜ್ಯದಲ್ಲೇ, ಆ ನೀಲಿ ಬಣ್ಣದ ಮೈದಾನದಲ್ಲೇ ಉಳಿದ. ಇದಕ್ಕೆ ಮತದಲ್ಲಿ ಅಂಕ ಇಲ್ಲ, ಇರಲೂಬಾರದು. ಆದರೂ ಹೇಳಬೇಕು ಅನಿಸಿತು.

ಟ್ರಾವಿಸ್ ಹಂಟರ್, ಕೊಲರಾಡೊ

ಇವನ ಬಗ್ಗೆ ಬರೆಯುವಾಗ ಎರಡು ಸಾಲು ಅಂಕಿ ಬೇಕು. ಯಾಕೆಂದರೆ ಇವನು ಇಬ್ಬರ ಕೆಲಸ ಮಾಡಿದ.

ದಾಳಿಯಲ್ಲಿ, ರಿಸೀವರ್ ಆಗಿ: 92 ಕ್ಯಾಚ್, 1,152 ಗಜ, 14 ಟಚ್‌ಡೌನ್. ಓಡಿ ಮಾಡಿದ್ದು ಇನ್ನೊಂದು. ರಕ್ಷಣೆಯಲ್ಲಿ, ಕಾರ್ನರ್‌ಬ್ಯಾಕ್ ಆಗಿ: 4 ಇಂಟರ್‌ಸೆಪ್ಷನ್ (ಎದುರಾಳಿ ಎಸೆದ ಚೆಂಡನ್ನು ತಾನೇ ಹಿಡಿಯುವುದು), ಕೈ ಅಡ್ಡ ಹಾಕಿ ತಪ್ಪಿಸಿದ ಪಾಸ್ 11, ಟ್ಯಾಕಲ್ 31.

ಮೊದಲ ಸಾಲು ಒಂದನ್ನೇ ನೋಡಿದರೂ ದೇಶದ ಅತ್ಯುತ್ತಮ ರಿಸೀವರ್‌ಗಳಲ್ಲಿ ಒಬ್ಬ. ಆ ವರ್ಷ ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ ಅವನಿಗೇ ಬಂತು. ಅತ್ಯುತ್ತಮ ರಕ್ಷಣಾ ಆಟಗಾರನಿಗೆ ಕೊಡುವ ಬೆಡ್ನಾರಿಕ್ ಪ್ರಶಸ್ತಿಯೂ ಅವನಿಗೇ ಬಂತು. ಒಂದೇ ವರ್ಷ, ಒಬ್ಬನೇ ಹುಡುಗ. ಎರಡನೆಯ ಸಾಲಿನ ಅಂಕಿ ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಒಳ್ಳೆಯ ಕಾರ್ನರ್‌ಬ್ಯಾಕ್‌ಗೆ ಅಂಕಿ ಚಿಕ್ಕದಾಗಿಯೇ ಇರುತ್ತದೆ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಅವನ ಕಡೆಗೆ ಎಸೆಯುವುದನ್ನೇ ಬಿಟ್ಟುಬಿಡುತ್ತಾನೆ. ಎಸೆಯದ ಚೆಂಡಿಗೆ ಲೆಕ್ಕ ಎಲ್ಲಿಂದ ಬರಬೇಕು?

ಇನ್ನು ದೇಹದ ವಿಷಯ. ಒಂದು ಕಡೆ ಮಾತ್ರ ಆಡುವವನು ಪಂದ್ಯಕ್ಕೆ ಅರವತ್ತು ಎಪ್ಪತ್ತು ಸಲ ಆಟಕ್ಕಿಳಿಯುತ್ತಾನೆ. ಹಂಟರ್ ನೂರಕ್ಕಿಂತ ಜಾಸ್ತಿ ಸಲ ಇಳಿದ. ಸೀಸನ್ ಪೂರ್ತಿ ಲೆಕ್ಕ ಹಾಕಿದರೆ 1,300 ದಾಟುತ್ತದೆ. ಪ್ರತಿ ಸಲವೂ ವೇಗದ ಓಟ. ರಿಸೀವರ್ ಓಡುತ್ತಾನೆ, ಅವನ ಹಿಂದೆ ಕಾರ್ನರ್‌ಬ್ಯಾಕ್ ಓಡುತ್ತಾನೆ. ಇಡೀ ಮೈದಾನದಲ್ಲಿ ಜಾಸ್ತಿ ಓಡುವ ಎರಡು ಕೆಲಸ ಇವೇ. ಅವನ ತವರು ಮೈದಾನ ಇರುವ ಬೌಲ್ಡರ್ ಊರು ಸಮುದ್ರಮಟ್ಟದಿಂದ 1,600 ಮೀಟರ್‌ಗಿಂತ ಎತ್ತರದಲ್ಲಿದೆ. ನಮ್ಮ ಮಡಿಕೇರಿಗಿಂತ ಎತ್ತರ. ಅಲ್ಲಿ ಮೆಟ್ಟಿಲು ಹತ್ತಿದರೂ ಹೊಸಬರಿಗೆ ಏದುಸಿರು ಬರುತ್ತದೆ.

ಕ್ರಿಕೆಟ್‌ನಲ್ಲಿ ಆಲ್‌ರೌಂಡರ್ ಇಲ್ವಾ ಅಂತ ನೀವು ಕೇಳಬಹುದು. ಇದ್ದಾರೆ, ಎಲ್ಲ ತಂಡದಲ್ಲೂ ಇದ್ದಾರೆ. ಹಂಟರ್ ಮಾಡಿದ್ದು ಬೇರೆ. ಓಪನಿಂಗ್ ಬ್ಯಾಟಿಂಗ್ ಮಾಡಿ ಕೊನೆಯ ತನಕ ನಿಂತು, ಆಮೇಲೆ ಹೊಸ ಚೆಂಡು ಹಿಡಿದು ಒಂದು ತುದಿಯಿಂದ ಎಲ್ಲ ಓವರ್ ಎಸೆದು, ಮುಂದಿನ ವಾರ ಮತ್ತೆ ಅದನ್ನೇ ಮಾಡಿದ ಹಾಗೆ. 1997ರಲ್ಲಿ ಮಿಷಿಗನ್‌ನ ಚಾರ್ಲ್ಸ್ ವುಡ್ಸನ್ ಹೈಸ್‌ಮನ್ ಗೆದ್ದಾಗಲೂ ಅವರು ಮುಖ್ಯವಾಗಿ ರಕ್ಷಣಾ ಆಟಗಾರ. ದಾಳಿಯಲ್ಲಿ ಆಗೀಗ ಬರುತ್ತಿದ್ದರು. ಹಂಟರ್ ಎರಡನ್ನೂ ಪೂರ್ಣಾವಧಿ ಕೆಲಸವಾಗಿ ಮಾಡಿದ.

ಒಂದು ಪಂದ್ಯ ಹೇಳುತ್ತೇನೆ. ಸೆಪ್ಟೆಂಬರ್ 21, ಬೇಲರ್ ಎದುರು. ಕೊನೆಯ ಗಳಿಗೆಯ ಉದ್ದನೆಯ ಪಾಸ್‌ನಿಂದ ಕೊಲರಾಡೊ ಸಮ ಮಾಡಿಕೊಂಡು ಪಂದ್ಯವನ್ನು ಹೆಚ್ಚುವರಿ ಆಟಕ್ಕೆ ತಂದಿತ್ತು. ಅಲ್ಲಿ ಕೊಲರಾಡೊ ಟಚ್‌ಡೌನ್ ಮಾಡಿತು. ಈಗ ಬೇಲರ್ ಸರದಿ. ಅವರ ಆಟಗಾರ ಚೆಂಡು ಹಿಡಿದು ಗೆರೆಯ ಹತ್ತಿರ ಬಂದೇಬಿಟ್ಟಿದ್ದ. ಹಂಟರ್ ಬಂದು ಗುದ್ದಿದ. ಚೆಂಡು ಕೈಜಾರಿತು. ಪಂದ್ಯ ಅಲ್ಲಿಗೇ ಮುಗಿಯಿತು, 38-31. ದಿನವಿಡೀ ಪಾಸ್ ಹಿಡಿಯಲು ಓಡಿದ ಹುಡುಗನೇ ಕೊನೆಯ ಗಳಿಗೆಯಲ್ಲಿ ಗೆರೆ ಕಾಯ್ದ. ಅವನ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕ್ಷಣವನ್ನೇ.

ವಿರುದ್ಧದ ಮಾತುಗಳನ್ನೂ ಹೇಳಲೇಬೇಕು. ರಿಸೀವರ್ ತಾನಾಗಿ ಏನೂ ಮಾಡಲಾರ, ಚೆಂಡು ಎಸೆಯಲು ಒಬ್ಬ ಬೇಕು. ಕೊಲರಾಡೊದಲ್ಲಿ ಷೆಡ್ಯೂರ್ ಸ್ಯಾಂಡರ್ಸ್‌ನಂಥ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದ. ಅಕ್ಟೋಬರ್‌ನಲ್ಲಿ ಕನ್ಸಾಸ್ ಸ್ಟೇಟ್ ಎದುರು ಹಂಟರ್ ಭುಜಕ್ಕೆ ಪೆಟ್ಟಾಗಿ ದ್ವಿತೀಯಾರ್ಧ ಆಡಲಿಲ್ಲ. ತಂಡ 9-3ಕ್ಕೆ, ಅಂದರೆ 9 ಗೆಲುವು 3 ಸೋಲಿಗೆ ನಿಂತಿತು, ಲೀಗ್ ಫೈನಲ್‌ಗೂ ಹೋಗಲಿಲ್ಲ. ಇನ್ನೊಂದು, ಪ್ರಚಾರ. ಕೋಚ್ ಡಿಯಾನ್ ಸ್ಯಾಂಡರ್ಸ್ ತಾವೇ ದೊಡ್ಡ ತಾರೆ. ಹಂಟರ್ ಅವರ ಜೊತೆ ಜಾಕ್ಸನ್ ಸ್ಟೇಟ್‌ನಲ್ಲಿ ಆಡಿ, 2023ರಲ್ಲಿ ಅವರ ಜೊತೆಯೇ ಕೊಲರಾಡೊಗೆ ಬಂದವನು. ಅಂದಿನಿಂದ ಕೊಲರಾಡೊ ಮೇಲೆ ಯಾವಾಗಲೂ ಟಿವಿ ಕ್ಯಾಮೆರಾ. ಬೋಯ್ಸಿಯ ಎಷ್ಟೋ ಪಂದ್ಯಗಳು ಮುಗಿಯುವ ಹೊತ್ತಿಗೆ ಪೂರ್ವ ಕರಾವಳಿಯ ಮತದಾರರು ಮಲಗಿರುತ್ತಾರೆ. ಇದು ನ್ಯಾಯದ ತಕ್ಕಡಿ ಅಲ್ಲ. ನೀವು ಹೋಲಿಸುವಾಗ ಈ ಪ್ರಚಾರದ ಭಾರವನ್ನು ತೆಗೆದಿಟ್ಟು ಹೋಲಿಸಿ.

ತಂಡದ ಕಥೆಗೆ ಇನ್ನೊಂದು ಮುಖವೂ ಇದೆ. 2022ರಲ್ಲಿ ಕೊಲರಾಡೊ 12 ಪಂದ್ಯದಲ್ಲಿ ಗೆದ್ದದ್ದು ಒಂದೇ ಒಂದು. ಎರಡು ವರ್ಷದಲ್ಲಿ ಒಂಬತ್ತಕ್ಕೆ ಬಂತು.

ಕ್ಯಾಮ್ ವಾರ್ಡ್, ಮಯಾಮಿ

2000ದಿಂದ 2024ರ ತನಕದ 25 ಪ್ರಶಸ್ತಿಗಳಲ್ಲಿ 20 ಕ್ವಾರ್ಟರ್‌ಬ್ಯಾಕ್‌ಗಳಿಗೆ ಹೋಗಿವೆ. ಸಾಮಾನ್ಯ ವರ್ಷವಾಗಿದ್ದರೆ ವಾರ್ಡ್ ಗೆಲ್ಲುತ್ತಿದ್ದ ಅಂತ ನನಗೆ ಅನಿಸುತ್ತದೆ.

12 ಪಂದ್ಯದಲ್ಲಿ 4,123 ಗಜ, 36 ಟಚ್‌ಡೌನ್ ಪಾಸ್, 7 ಇಂಟರ್‌ಸೆಪ್ಷನ್ (ಎಸೆಯುವವನ ಲೆಕ್ಕದಲ್ಲಿ ಇದು ಎದುರಾಳಿಯ ಕೈ ಸೇರಿದ ಪಾಸ್). ಹೈಸ್ಕೂಲು ಮುಗಿಸಿದಾಗ ಇವನಿಗೆ ಒಂದೇ ಒಂದು ದೊಡ್ಡ ಕಾಲೇಜೂ ಜಾಗ ಕೊಟ್ಟಿರಲಿಲ್ಲ. ಸ್ಯಾನ್ ಆಂಟೋನಿಯೊದ ಇನ್‌ಕಾರ್ನೇಟ್ ವರ್ಡ್ ಅನ್ನುವ ಸಣ್ಣ ಕಾಲೇಜಿನಲ್ಲಿ ಶುರು ಮಾಡಿ, ವಾಷಿಂಗ್ಟನ್ ಸ್ಟೇಟ್‌ಗೆ ಹೋಗಿ, ಅಲ್ಲಿಂದ ಮಯಾಮಿಗೆ ಬಂದ.

ಅಕ್ಟೋಬರ್ 5ರಂದು ಕ್ಯಾಲಿಫೋರ್ನಿಯಾ ಎದುರು ಮಯಾಮಿ 35-10ರಲ್ಲಿ ಹಿಂದಿತ್ತು. ವಾರ್ಡ್ ಒಟ್ಟು 437 ಗಜ ಎಸೆದು, ಕೊನೆಯ ನಿಮಿಷದ ಟಚ್‌ಡೌನ್‌ನಿಂದ 39-38ಕ್ಕೆ ಗೆಲ್ಲಿಸಿದ. ಮಯಾಮಿಯ ದೊಡ್ಡ ಕೊರತೆ ಅದರ ರಕ್ಷಣೆ. ನವೆಂಬರ್ 30ರಂದು ಸಿರಾಕ್ಯೂಸ್ ಎದುರು 21-0 ಮುಂದಿದ್ದು 42-38ರಲ್ಲಿ ಸೋತರು. ಆ ಸೋಲಿನಿಂದ ಲೀಗ್ ಫೈನಲ್ ಕೈತಪ್ಪಿತು, ಪ್ಲೇಆಫ್ ಕೂಡ. 38 ಅಂಕ ಮಾಡಿಕೊಟ್ಟ ತಂಡದ ಕ್ವಾರ್ಟರ್‌ಬ್ಯಾಕ್ ಮೇಲೆ ಆ ಸೋಲನ್ನು ಹೊರಿಸುವುದು ಸರಿಯಲ್ಲ. ಮತದಾರರು ಸ್ವಲ್ಪ ಹಾಗೇ ಮಾಡಿದರು.

ಡಿಲನ್ ಗೇಬ್ರಿಯಲ್, ಒರೆಗಾನ್

ಗೆಲುವೇ ನಿಮ್ಮ ಅಳತೆಯಾದರೆ ಗೇಬ್ರಿಯಲ್ ನಿಮ್ಮವನು. 13 ಪಂದ್ಯ, 13 ಗೆಲುವು, ಬಿಗ್ ಟೆನ್ ಲೀಗ್ ಕಿರೀಟ. 3,558 ಗಜ, 28 ಟಚ್‌ಡೌನ್ ಪಾಸ್, 6 ಇಂಟರ್‌ಸೆಪ್ಷನ್. ಎಸೆದ ಪಾಸ್‌ಗಳಲ್ಲಿ ನೂರಕ್ಕೆ 73 ಸರಿಯಾದ ಕೈ ಸೇರಿದವು. ಹವಾಯಿಯ ಮಿಲಿಲಾನಿಯ ಎಡಗೈ ಹುಡುಗ. ಮೂರು ಕಾಲೇಜು, ಆರು ಸೀಸನ್. ಓಹಾಯೊ ಸ್ಟೇಟ್ ಎದುರಿನ 32-31ರ ಗೆಲುವಿನಲ್ಲಿ 341 ಗಜ ಎಸೆದ. ಜೊತೆಗೆ ತಾನೇ 27 ಗಜ ಓಡಿ ಒಂದು ಟಚ್‌ಡೌನ್ ಮಾಡಿದ.

ನನ್ನ ಪ್ರಶ್ನೆ ಇಲ್ಲೂ ಅದೇ. ಒರೆಗಾನ್‌ನಲ್ಲಿ ಅವನ ಸುತ್ತ ಬಲವಾದ ತಂಡ ಇತ್ತು. ಅವನ ಜಾಗದಲ್ಲಿ ಇನ್ನೊಬ್ಬ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಇದ್ದಿದ್ದರೂ ಆ ತಂಡ ಹತ್ತು ಹನ್ನೊಂದು ಪಂದ್ಯ ಗೆಲ್ಲುತ್ತಿತ್ತು ಅಂತ ನನ್ನ ಅಂದಾಜು. ವಾರ್ಡ್ ಇಲ್ಲದ ಮಯಾಮಿ ಹತ್ತು ಗೆಲ್ಲುತ್ತಿರಲಿಲ್ಲ. ಹಾಗಾಗಿ ಮೂರನೆಯ ಹೆಸರು ಬರೆಯುವಾಗ ನನ್ನ ಕೈ ವಾರ್ಡ್ ಕಡೆ ಹೋಯಿತು. ತಪ್ಪುಗಳೇ ಇಲ್ಲದ ಆಟ ನಿಮಗೆ ಮುಖ್ಯವಾದರೆ ಗೇಬ್ರಿಯಲ್‌ನನ್ನು ಬರೆಯಿರಿ, ಅದರಲ್ಲಿ ಏನೂ ತಪ್ಪಿಲ್ಲ.

ಕೊನೆಗೆ ಆ ಇಬ್ಬರು

ಈಗ ಕಷ್ಟದ ಭಾಗ. ಜೆಂಟಿಯೋ ಹಂಟರೋ?

ತನ್ನ ತಂಡಕ್ಕೆ ಯಾರು ಜಾಸ್ತಿ ಮುಖ್ಯ ಅಂತ ಕೇಳಿದರೆ ನನ್ನ ಉತ್ತರ ಜೆಂಟಿ. ಬೋಯ್ಸಿಯ ದಾಳಿ ಅಂದರೆ ಅವನೇ. ಅವನನ್ನು ತೆಗೆದರೆ 12-1 ಆಗುತ್ತಿರಲಿಲ್ಲ. ಒಂದೇ ಕೆಲಸದಲ್ಲಿ ಯಾರು ಜಾಸ್ತಿ ಎತ್ತರಕ್ಕೆ ಹೋದರು ಅಂತ ಕೇಳಿದರೂ ಜೆಂಟಿಯೇ. ರಿಸೀವರ್ ಆಗಿ ಹಂಟರ್ ಬಹಳ ಚೆನ್ನಾಗಿ ಆಡಿದ, ಆದರೆ ಚರಿತ್ರೆಯ ದಾಖಲೆಗಳ ಹತ್ತಿರ ಇರಲಿಲ್ಲ. ಓಟಗಾರನಾಗಿ ಜೆಂಟಿ ಇದ್ದ.

ಆದರೆ ಈ ಪ್ರಶಸ್ತಿ ಕೊಡುವುದು ದೇಶದಲ್ಲೇ ಎಲ್ಲರಿಗಿಂತ ಎದ್ದು ಕಾಣುವ ಆಟಗಾರನಿಗೆ. ತಂಡಕ್ಕೆ ಎಷ್ಟು ಬೆಲೆ ಅನ್ನುವುದು ಅದರ ಒಂದು ಭಾಗ ಮಾತ್ರ. ಮತ್ತೆ ನನ್ನ ಹಳೆಯ ಪ್ರಶ್ನೆಗೇ ಬಂದೆ. ಜೆಂಟಿ ಕೊಟ್ಟದ್ದನ್ನು ಸ್ವಲ್ಪ ಕಡಿಮೆ ಮಟ್ಟದಲ್ಲಿ ಕೊಡುವ ಓಟಗಾರರು ಆ ವರ್ಷ ಬೇರೆ ತಂಡಗಳಲ್ಲಿ ಇದ್ದರು. ಹಂಟರ್ ಕೊಟ್ಟದ್ದನ್ನು ಅರ್ಧ ಮಟ್ಟದಲ್ಲಿ ಕೊಡುವವನೂ ದೇಶದಲ್ಲಿ ಇರಲಿಲ್ಲ. ಆ ಸಾಲಿನಲ್ಲಿ ಅವನು ಒಬ್ಬನೇ ನಿಂತಿದ್ದ. ಇದಕ್ಕೆ ಹೆಚ್ಚು ತೂಕ ಕೊಡುವವರು ಹಂಟರ್ ಕಡೆ ಬರುತ್ತಾರೆ. ಒಂದು ಕೆಲಸವನ್ನು ಯಾರೂ ಮುಟ್ಟದ ಹಾಗೆ ಮಾಡುವುದು ದೊಡ್ಡದು ಅನ್ನುವವರು ಜೆಂಟಿ ಕಡೆ ಹೋಗುತ್ತಾರೆ. ನಿಮ್ಮ ಹೆಸರುಗಳು ನಿಲ್ಲುವುದು ಇದರ ಮೇಲೆ.

ನಿಜವಾದ ಮತದಾನವೂ ಹೀಗೇ ಎಳೆದಾಡಿತು. ಡಿಸೆಂಬರ್ 14ರಂದು ನ್ಯೂಯಾರ್ಕ್‌ನಲ್ಲಿ ಫಲಿತಾಂಶ ಹೇಳಿದರು. ಹಂಟರ್ 2,231 ಅಂಕ, ಜೆಂಟಿ 2,017. ಅಂತರ 214. ಅಲಬಾಮದ ಮಾರ್ಕ್ ಇಂಗ್ರಾಮ್ 28 ಅಂಕದಿಂದ ಗೆದ್ದ 2009ರಿಂದೀಚೆಗೆ ಇಷ್ಟು ಹತ್ತಿರದ ಸ್ಪರ್ಧೆ ಆಗಿರಲಿಲ್ಲ. ಹಂಟರ್‌ನನ್ನು ಮೊದಲು ಬರೆದವರು 552 ಜನ, ಜೆಂಟಿಯನ್ನು ಮೊದಲು ಬರೆದವರು 309. ಎರಡನೆಯ ಸಾಲು ನೋಡಿ: ಅಲ್ಲಿ ಜೆಂಟಿಯ ಹೆಸರು 517 ಸಲ ಇತ್ತು, ಹಂಟರ್ ಹೆಸರು 261 ಸಲ. ಆ ಎರಡನೆಯ ಸಾಲೇ ಅಂತರವನ್ನು ಅಷ್ಟು ಕಡಿಮೆ ಮಾಡಿತು. ಗೇಬ್ರಿಯಲ್ 516 ಅಂಕದಿಂದ ಮೂರನೆಯವನಾದ, ವಾರ್ಡ್ 229ರಿಂದ ನಾಲ್ಕನೆಯವನು.

ನಾನು ಹೆಸರು ಬರೆದದ್ದು ಅದಕ್ಕಿಂತ ಎರಡು ವಾರ ಮೊದಲು, ನವೆಂಬರ್ 29ರ ಶುಕ್ರವಾರ. ಅವತ್ತು ಇಬ್ಬರಿಗೂ ಪಂದ್ಯ ಇತ್ತು. ಅಕ್ಕನ ಮನೆಯ ಟಿವಿಯಲ್ಲಿ ಒಂದು, ನನ್ನ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು. ಜೆಂಟಿ ಒರೆಗಾನ್ ಸ್ಟೇಟ್ ಎದುರು 226 ಗಜ ಓಡಿದ. ಅಕ್ಕನ ಮಗ ಸೋಫಾ ಮೇಲೆ ನಿಂತು ಕುಣಿದ. ಹಂಟರ್ ಒಕ್ಲಹೋಮ ಸ್ಟೇಟ್ ಎದುರು 10 ಕ್ಯಾಚ್ ಹಿಡಿದ, 116 ಗಜ, 3 ಟಚ್‌ಡೌನ್. ಅದೇ ಪಂದ್ಯದಲ್ಲಿ ಆ ಕಡೆಗೂ ಹೋಗಿ ಒಂದು ಇಂಟರ್‌ಸೆಪ್ಷನ್ ಮಾಡಿದ. ಆ ಇಂಟರ್‌ಸೆಪ್ಷನ್ ನೋಡಿದ ಮೇಲೆ ಹಾಳೆ ಎಳೆದುಕೊಂಡು ಬರೆದೆ: ಹಂಟರ್, ಜೆಂಟಿ, ವಾರ್ಡ್.

ಒಂದು ವಾರ ಆದ ಮೇಲೆ, ಡಿಸೆಂಬರ್ 6ರಂದು, ಲೀಗ್ ಫೈನಲ್‌ನಲ್ಲಿ ಜೆಂಟಿ 209 ಗಜ ಓಡಿದ. ಅದರಲ್ಲಿ ಒಂದೇ ಓಟಕ್ಕೆ 75 ಗಜ. ರಾತ್ರಿ ಫೋನ್ ಬಂತು. "ಮಾಮ, ಇನ್ನೂ ಟೈಮ್ ಇದೆ, ಬದಲಿಸ್ತೀಯಾ?" ನಾನು ಆ 75 ಗಜದ ಓಟವನ್ನು ಮತ್ತೆ ಎರಡು ಸಲ ಹಾಕಿ ನೋಡಿದೆ. ಬದಲಿಸಲಿಲ್ಲ. ಆದರೆ ಅವನ ಹಾಳೆಯನ್ನು ತಪ್ಪು ಅನ್ನಲು ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ. ಅದನ್ನೇ ಅವನಿಗೆ ಹೇಳಿದೆ.